ವಿಭೂತಿ ಹಚ್ಚಿದ ವೈಫೈ ಡಬ್ಬಿ

ಗುಬ್ಬಿಯಲ್ಲಿರುವ ನಮ್ಮಕ್ಕನ ಮನೆಯ ವೈಫೈ ಡಬ್ಬಿಗೆ ನಾನು ಬೀಗ ಹಾಕಲಿಲ್ಲ. ಹಾಕಿದ್ದೇನೆ ಎಂದು ಹೇಳಿದೆ. ಇಷ್ಟನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಬರೆಯಲು ಸ್ವಲ್ಪ ಧೈರ್ಯ ಬರುತ್ತದೆ. ಇದೇನು ಕೊಲೆಯೇ, ದರೋಡೆಯೇ ಎಂದು ನೀವು ಕೇಳಬಹುದು. ಮೂರು ತಿಂಗಳು ನಾನೂ ಹಾಗೇ ಕೇಳಿಕೊಂಡು ನೆಮ್ಮದಿಯಾಗಿದ್ದೆ. ಈಗ ಅಂಗೈಯಗಲದ ಡಬ್ಬಿಯನ್ನು ಎಲ್ಲಿ ಕಂಡರೂ, ಅದರ ಹಸಿರು ದೀಪಗಳು ನನ್ನನ್ನೇ ನೋಡಿ ಕಣ್ಣು ಮಿಟುಕಿಸಿದಂತಾಗುತ್ತದೆ.

ನಾನು ಓದಿದ್ದು ಏಳನೇ ತರಗತಿ. ತುಮಕೂರಿನ ಸತ್ಯಮಂಗಲದಲ್ಲಿ ಒಂದು ಸಣ್ಣ ಶೆಡ್ಡಿನಲ್ಲಿ ಮೋಟರ್ ವೈಂಡಿಂಗ್ ಮಾಡುತ್ತೇನೆ. ಸುಟ್ಟುಹೋದ ಮೋಟರನ್ನು ಬಿಚ್ಚಿ, ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಆದರೆ ನಮ್ಮ ಬಂಧುಬಳಗದ ತಿಳಿವಳಿಕೆಯ ಪ್ರಕಾರ, ಮೋಟರ್ ಸುತ್ತಬಲ್ಲವನಿಗೆ ಪ್ಲಗ್ ಇರುವ ಸಕಲ ವಸ್ತುವೂ ಗೊತ್ತು. ಮಿಕ್ಸಿ ಕೆಟ್ಟರೆ ನನಗೆ ಫೋನು, ಟೀವಿಯಲ್ಲಿ ಚಿತ್ರ ನಡುಗಿದರೆ ನನಗೆ ಫೋನು. ನಮ್ಮತ್ತೆಯ ಕಿವಿಗೆ ಹಾಕುವ ಯಂತ್ರವನ್ನೂ ಒಮ್ಮೆ ನನ್ನ ಮುಂದೆ ತಂದಿಟ್ಟಿದ್ದರು. ಅದಕ್ಕೆ ಪ್ಲಗ್ಗೂ ಇರಲಿಲ್ಲ. ಬೇಡ, ನನಗೆ ಬರುವುದಿಲ್ಲ ಎಂದು ಹೇಳಿದರೆ ಆಯಿತು. ಆದರೆ ಎಲ್ಲರೂ ಗೌರವದಿಂದ ಮುಖ ನೋಡುತ್ತಿರುವಾಗ ಅಷ್ಟು ಅಕ್ಷರ ಬಾಯಿಗೆ ಬರುವುದೇ ಇಲ್ಲ. ಬದಲಿಗೆ ‘ಹೂಂ’ ಎಂಬ ಒಂದೇ ಅಕ್ಷರ ತಾನಾಗಿ ಬರುತ್ತದೆ.

ನಮ್ಮ ಗಿರಿಜಕ್ಕ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಎಸ್ಸೆಸ್ಸೆಲ್ಸಿ ಪಾಸು. ಗುಬ್ಬಿಯಲ್ಲಿ ಹೆಂಗಸರ ಬ್ಲೌಸು ಹೊಲಿಯುತ್ತಾಳೆ. ಭಾವ ತೀರಿಕೊಂಡ ಮೇಲೆ ಆ ಮನೆಯನ್ನು ನಡೆಸಿದ್ದು ಮುಂದಿನ ಕೋಣೆಯ ಹೊಲಿಗೆ ಮಿಷಿನ್ನೇ. ಒಂದು ಮಾತು ಹೇಳಬೇಕು. ಬ್ಲೌಸು ಹೊಲಿದು ಉಳಿದ ಬಟ್ಟೆಯ ಚೂರನ್ನು ಅಕ್ಕ ಎಂದೂ ಇಟ್ಟುಕೊಂಡವಳಲ್ಲ. ಬೆರಳಗಲದ್ದಾದರೂ ಸರಿ, ಅದೇ ಬಣ್ಣದ ದಾರದಲ್ಲಿ ಕಟ್ಟಿ, ಬ್ಲೌಸಿನ ಮಡಿಕೆಯೊಳಗಿಟ್ಟು ಕೊಡುತ್ತಾಳೆ. ಹೊಲಿಯುವವರ ಮೇಲೆ ಜನರಿಗೆ ಬಟ್ಟೆಯ ಅನುಮಾನ, ಅಕ್ಕಸಾಲಿಗರ ಮೇಲೆ ಚಿನ್ನದ ಅನುಮಾನ, ನಮ್ಮಂಥವರ ಮೇಲೆ ತಾಮ್ರದ ಅನುಮಾನ. ಯಾವ ಕಸುಬಿನಲ್ಲಿ ಚೂರು ಉಳಿಯುತ್ತದೋ ಆ ಕಸುಬಿಗೆ ಅನುಮಾನ ತಪ್ಪಿದ್ದಲ್ಲ. ನಾನು ಸುಟ್ಟ ತಂತಿಯನ್ನು ಗಿರಾಕಿಗೆ ತೂಗಿ ಕೊಡುವುದನ್ನು ಕಲಿತದ್ದು ಅಕ್ಕನ ಆ ಚೂರಿನ ಗಂಟು ನೋಡಿಯೇ.

ಅಕ್ಕನ ಮನೆಗೆ ಅಂಟಿಕೊಂಡ ಮನೆ ಶಕೀಲಕ್ಕನದು. ಸೀರೆ ಸೆರಗಿಗೆ ಕುಚ್ಚು ಕಟ್ಟುವುದರಲ್ಲಿ ಗುಬ್ಬಿಯಲ್ಲೇ ಎತ್ತಿದ ಕೈ. ಸೀರೆ ಮೊದಲು ಅಕ್ಕನ ಕೈಗೆ ಬಂದರೂ, ಶಕೀಲಕ್ಕನ ಕೈಗೆ ಬಂದರೂ, ಹಿತ್ತಲಿನ ಮೋಟು ಗೋಡೆ ದಾಟಿ ಇನ್ನೊಬ್ಬರ ಕೈ ಸೇರುತ್ತಿತ್ತು. ಹದಿನೈದು ವರ್ಷದಿಂದ ಹೀಗೇ. ಮಿಷಿನ್ ಸದ್ದು ಸ್ವಲ್ಪ ಹೊತ್ತು ನಿಂತರೆ ಆ ಕಡೆಯಿಂದ ಕೂಗು ಬರುತ್ತಿತ್ತು.

“ಏನೇ ಗಿರಿಜಾ, ಬದ್ಕಿದೀಯೋ ಇಲ್ವೋ?”

“ನಿನ್ ಕುಚ್ ಮುಗಿಯೋವರ್ಗೂ ಸಾಯಲ್ಲ ಬುಡೇ” ಎಂದು ಅಕ್ಕ ಬಾಯಲ್ಲಿ ದಾರ ಕಚ್ಚಿಕೊಂಡೇ ಉತ್ತರಿಸುವಳು.

ಕಳೆದ ವರ್ಷ ಆಯುಧಪೂಜೆಗೆ ಎರಡು ದಿನ ಮೊದಲು ಅಕ್ಕನ ಮನೆಗೆ ವೈಫೈ ಬಂತು. ಗಿರಾಕಿಗಳು ಕತ್ತಿನ ಡಿಸೈನು ಎಂದು ಒಬ್ಬೊಬ್ಬರೂ ಹತ್ತು ವಿಡಿಯೋ ಕಳಿಸುತ್ತಾರೆ, ಫೋನಿನ ನೆಟ್ಟು ಮಧ್ಯಾಹ್ನಕ್ಕೇ ಮುಗಿಯುತ್ತದೆ ಎಂದು ಹಾಕಿಸಿಕೊಂಡಳು. ಮುಂದೆ ನಿಂತು ಹಾಕಿಸಬೇಕಾದವನು ನಾನೇ. ಬಂದ ಲೈನ್‌ಮ್ಯಾನು ನರೆತ ಮೀಸೆಯ ಮನುಷ್ಯ. ತಂತಿ ಎಳೆದು, ಡಬ್ಬಿ ಕೂರಿಸಿ, ಹೊರಡುವಾಗ ನನಗೆ ಹೇಳಿದ: “ಸಾರ್, ಎರಡು ಪಾಸ್‌ವರ್ಡು ಇವತ್ತೇ ಚೇಂಜ್ ಮಾಡ್ಕೊಂಬುಡಿ. ಒಂದು ವೈಫೈಗೆ ಸೇರ್ಕೊಳ್ಳೋದು. ಇನ್ನೊಂದು ಡಬ್ಬಿ ಒಳಗೇ ಹೋಗಿ ಸೆಟ್ಟಿಂಗು ಮಾಡೋದು. ಹಳೇವು ಎರಡೂ ತಳದ ಸ್ಟಿಕ್ಕರಲ್ಲವೆ.”

ಅವನು ನನ್ನನ್ನು ‘ಸಾರ್’ ಎಂದುಬಿಟ್ಟ. ಗ್ರೀಸು ಮೆತ್ತಿದ ಕೈಯವನನ್ನು ಯಾರೂ ಹಾಗೆ ಕರೆಯುವುದಿಲ್ಲ. ಸಾರ್ ಎನಿಸಿಕೊಂಡ ಮೇಲೆ “ಅದು ಹೆಂಗಪ್ಪ?” ಎಂದು ಕೇಳಲಾದೀತೇ? ಹೂಂ ಎಂದೆ.

ಅವನು ಹೋದ ಮೇಲೆ ಪ್ರಯತ್ನ ಮಾಡಲಿಲ್ಲ ಎಂದಲ್ಲ. ಸ್ಟಿಕ್ಕರಿನಲ್ಲಿದ್ದ ಅಂಕಿಗಳನ್ನು ಫೋನಿನಲ್ಲಿ ಹೊಡೆದೆ. ಪುಟವೊಂದು ತೆರೆಯಿತು. ಮೇಲಿಂದ ಕೆಳಗೆ ಇಂಗ್ಲಿಷು. ಒಂದೊಂದೇ ಅಕ್ಷರ ಕೂಡಿಸಿ ಓದಬಲ್ಲೆ, ಆದರೆ ಓದಿದ್ದರ ಅರ್ಥ ನನಗೆ ತಿಳಿಯಬೇಕಲ್ಲ. ಏನಾದರೂ ಒತ್ತಿ ಹೊಸ ಡಬ್ಬಿ ಸುಟ್ಟುಹೋದರೆ? ನಮ್ಮ ಕಸುಬಿನಲ್ಲಿ ತಿಳಿಯದ ತಂತಿ ಮುಟ್ಟಿದರೆ ಹೊಗೆಯೇ ಬರುತ್ತದೆ. ಮೆಲ್ಲಗೆ ಪುಟ ಮುಚ್ಚಿದೆ. ಮಿಷಿನ್ನಿನ ಮುಂದೆ ಕುಳಿತ ಅಕ್ಕ, “ಬೀಗ ಹಾಕ್ದೇನೋ ಲೋಕಿ?” ಎಂದಳು. “ಹೂಂ ಅಕ್ಕ, ಇನ್ಯಾರೂ ಒಳೀಕೆ ಬರಕಾಗಲ್ಲ” ಎಂದೆ. ಸ್ಟಿಕ್ಕರಿನಲ್ಲಿದ್ದ ವೈಫೈ ಪಾಸ್‌ವರ್ಡನ್ನೇ ಚೀಟಿಯಲ್ಲಿ ಬರೆದು, ನಾನೇ ಹಾಕಿದ್ದೆಂಬಂತೆ ಅವಳ ಕೈಗೆ ಕೊಟ್ಟೆ. ಅಕ್ಕ ಹತ್ತನೇ ತರಗತಿ ಓದಿದವಳು, ನನ್ನ ಇಂಗ್ಲಿಷ್ ಹೋಂವರ್ಕನ್ನೆಲ್ಲ ಬರೆದುಕೊಟ್ಟವಳು, ಮೂರು ಮಾರು ದೂರದಲ್ಲೇ ಕುಳಿತಿದ್ದಾಳೆ. “ಇದೊಂಚೂರು ಓದು ಬಾರಕ್ಕ” ಎನ್ನಲು ನನ್ನ ನಾಲಿಗೆಗೆ ಏನಾಗಿತ್ತು?

ಇನ್ನೊಂದು ಹುಚ್ಚಾಟವನ್ನೂ ಹೇಳಿಬಿಡುತ್ತೇನೆ. ಆಯುಧಪೂಜೆಯ ದಿನ ಶೆಡ್ಡಿನ ಪೂಜೆ ಮುಗಿಸಿ ಗುಬ್ಬಿಗೆ ಹೋದೆ. ಅಕ್ಕ ಮಿಷಿನ್ನು, ಕತ್ತರಿ, ಇಸ್ತ್ರಿಪೆಟ್ಟಿಗೆಗೆಲ್ಲ ಹೂವು ಮುಡಿಸಿದ್ದಳು. ವೈಫೈ ಡಬ್ಬಿಯೂ ಆಯುಧವೇ ತಾನೇ, ಅದನ್ನೇಕೆ ಬಿಡಬೇಕು ಎಂದು ನಾನೇ ತಂದು ಮಣೆಯ ಮೇಲಿಟ್ಟೆ. ಮುಂಭಾಗ ಕಪ್ಪು, ದೀಪಗಳು ಬೇರೆ. ವಿಭೂತಿ ನೀರು ಒಳಗಿಳಿದೀತು ಎಂದು ಡಬ್ಬಿಯನ್ನು ಮಗುಚಿ ಹಾಕಿದೆ. ತಳದಲ್ಲಿ ಜಾಗ ಚೆನ್ನಾಗಿತ್ತು. ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಪಕ್ಕದಲ್ಲಿ ಚೆಂಡುಹೂವು. ನೋಡಲು ಎಷ್ಟು ಲಕ್ಷಣವಾಗಿತ್ತೆಂದರೆ ಒಂದು ಫೋಟೋ ತೆಗೆದು, ‘ಅಕ್ಕನ ಮನೆಯ ಹೊಸ ಆಯುಧ’ ಎಂದು ಬರೆದು ಸ್ಟೇಟಸ್ಸಿಗೆ ಹಾಕಿದೆ. ಅಕ್ಕನ ಬೀದಿಯ ಹೆಂಗಸರ ಗ್ರೂಪಿಗೂ ಅಕ್ಕನ ಫೋನಿನಿಂದ ನಾನೇ ಕಳಿಸಿದೆ. ಸಂಜೆಯವರೆಗೂ ಕೈಮುಗಿಯುವ ಚಿತ್ರಗಳು ಬರುತ್ತಲೇ ಇದ್ದವು.

ದೀಪಾವಳಿ ಕಳೆದು ಮದುವೆಯ ದಿನಗಳು ಶುರುವಾದವು. ಆಗ ಅಕ್ಕನಿಗೆ ಉಸಿರಾಡಲು ಪುರುಸೊತ್ತಿರಬಾರದು. ಆದರೆ ಫೋನು ಮಾಡಿದಾಗಲೆಲ್ಲ ಹಿಂದೆ ಮಿಷಿನ್ನಿನ ಸದ್ದೇ ಕೇಳುತ್ತಿರಲಿಲ್ಲ. ಗಿರಾಕಿಗಳು ಕಡಿಮೆಯಾಗಿದ್ದಾರೆ ಎಂದಳು. ಬಂದವರಲ್ಲೂ ಒಬ್ಬಾಕೆ ಅಕ್ಕನ ಮುಂದೆಯೇ ಬಟ್ಟೆಗೆ ಟೇಪು ಹಿಡಿದು ಅಳೆದು ಕೊಟ್ಟಳಂತೆ. ಇನ್ನೊಬ್ಬಾಕೆ ಚೂರಿನ ಗಂಟನ್ನು ಅಲ್ಲೇ ಬಿಚ್ಚಿ, ಹರಡಿ ನೋಡಿದಳಂತೆ. “ಯಾಕಿಂಗ್ ಆಡ್ತಾರೆ ಅಂತ್ಲೇ ಗೊತ್ತಾಗ್ತಿಲ್ಲ ಕಣೋ” ಎಂದಳು. ಕಾಲ ಕೆಟ್ಟಿದೆ ಅಕ್ಕ ಎಂದೆ. ಕೆಡಿಸಿದವರು ಯಾರೆಂದು ನನಗೂ ಗೊತ್ತಿರಲಿಲ್ಲ.

ಅದೇ ದಿನಗಳಲ್ಲಿ ಶಕೀಲಕ್ಕ ನನಗೆ ಫೋನು ಮಾಡಿದ್ದರು. ವೈಫೈಯ ಹೆಸರು ಏನೇನೋ ಆಗಿದೆ, ಗಿರಿಜಾಗೆ ತೋರಿಸಬೇಡ, ನೀನೇ ಬಂದು ಸರಿಮಾಡಿ ಹೋಗು ಎಂದರು. ಏನಾಗಿದೆ ಎಂದು ನಾನು ಕೇಳಲೇ ಇಲ್ಲ. ಮತ್ತೆ ಆ ಇಂಗ್ಲಿಷ್ ಪುಟ ತೆರೆಯಬೇಕಲ್ಲ ಎಂಬ ಹೆದರಿಕೆಯೇ ಮೊದಲು ಬಂತು. ಬರುವ ಸೋಮವಾರ ಎಂದೆ. ಹತ್ತು ದಿನ ಬಿಟ್ಟು ಮತ್ತೆ ಮಾಡಿದರು. ಮತ್ತೊಂದು ಸೋಮವಾರ ಹೇಳಿದೆ. ನನ್ನ ಪಂಚಾಂಗದಲ್ಲಿ ಸೋಮವಾರಗಳಿಗೆ ಬರವೇ ಇರಲಿಲ್ಲ.

ಸಂಕ್ರಾಂತಿ ಮುಗಿದ ವಾರದಲ್ಲಿ ಅಕ್ಕ ಫೋನು ಮಾಡಿ “ಬಾ” ಎಂದಳು. ಅಷ್ಟೇ. ಆ ದನಿ ಕೇಳಿ, ಬಿಚ್ಚಿದ ಮೋಟರನ್ನು ಹಾಗೇ ಬಿಟ್ಟು ಗುಬ್ಬಿ ಬಸ್ಸು ಹತ್ತಿದೆ.

ನಡೆದದ್ದು ಇಷ್ಟು. ಕುಣಿಗಲ್ ಕಡೆಯ ಅಮೃತೂರಿನಿಂದ ಒಬ್ಬಾಕೆ ಮಗಳ ಮದುವೆಗೆಂದು ಹನ್ನೆರಡು ಬ್ಲೌಸಿನ ಬಟ್ಟೆ ಹೊತ್ತು ತಂದಿದ್ದರು. ಅಕ್ಕನ ಹೊಲಿಗೆಯ ಹೆಸರು ಕೇಳಿಯೇ ಅಷ್ಟು ದೂರ ಬಂದವರು. ಅಕ್ಕನ ಮನೆ ಯಾವುದೆಂದು ಎದುರಿನ ಹಿಟ್ಟಿನ ಗಿರಣಿಯಲ್ಲಿ ವಿಚಾರಿಸಿದರೆ, ಅಲ್ಲಿ ಕುಳಿತಿದ್ದ ಹೆಂಗಸರು ಮುಸಿಮುಸಿ ನಗುತ್ತ, ಫೋನಿನಲ್ಲಿ ವೈಫೈ ತೆಗೆದು ನೋಡಿ ಎಂದರಂತೆ. ಆಕೆ ನೋಡಿದರು. ಬೀದಿ ದಾಟಿ ಬಂದು ಅಕ್ಕನಿಗೂ ತೋರಿಸಿದರು. “ಇದು ಯಾರಮ್ಮ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಗಂಟೆತ್ತಿಕೊಂಡು ಹೋದರು.

ನಾನು ನನ್ನ ಹಳೆಯ ಫೋನು ತೆಗೆದು ನೋಡಿದೆ. ಸುತ್ತಲಿನ ವೈಫೈಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ, ಇಂಗ್ಲಿಷ್ ಅಕ್ಷರದಲ್ಲಿ, ನಾನೂ ಕೂಡಿಸಿ ಓದಬಹುದಾದಷ್ಟು ಸ್ಪಷ್ಟವಾಗಿ ಇತ್ತು: ಬಟ್ಟೆ ಕಳ್ಳಿ ಟೈಲರ್.

ಮನೆಯ ಗೋಡೆಯ ಮೇಲೆ ಯಾರಾದರೂ ಹಾಗೆ ಬರೆದಿದ್ದರೆ ಬೆಳಿಗ್ಗೆ ಎದ್ದ ಕೂಡಲೇ ಕಾಣುತ್ತಿತ್ತು, ಸುಣ್ಣ ಬಳಿಯಬಹುದಿತ್ತು. ಇದು ಗಾಳಿಯ ಮೇಲೆ ಬರೆದದ್ದು. ಬೀದಿಗೆಲ್ಲ ಕಾಣುತ್ತದೆ, ಮನೆಯವಳಿಗೊಬ್ಬಳಿಗೆ ಕಾಣುವುದಿಲ್ಲ. ಏಕೆ ಕಾಣಲಿಲ್ಲ ಎಂಬುದು ಆಮೇಲೆ ತಿಳಿಯಿತು. ಆ ಒಂದು ಡಬ್ಬಿಗೆ ಎರಡು ಹೆಸರು. ಒಂದು ವೇಗದ್ದು, ಆದರೆ ಗೋಡೆ ದಾಟಲಾರದು. ಅಕ್ಕನ ಹೊಸ ಫೋನು ಮೊದಲ ದಿನದಿಂದ ಅದಕ್ಕೇ ಅಂಟಿಕೊಂಡಿತ್ತು, ಅವಳು ಪಟ್ಟಿ ತೆರೆದು ನೋಡುವ ಸಂದರ್ಭವೇ ಬರಲಿಲ್ಲ. ಇನ್ನೊಂದು ನಿಧಾನದ್ದು, ಗೋಡೆ, ಬೀದಿ ಎಲ್ಲ ದಾಟುತ್ತದೆ. ಹಾಳು ಮಾಡಿದ್ದು ಆ ಹೆಸರನ್ನು. ಮೂರು ತಿಂಗಳು ನಮ್ಮಕ್ಕ ಒಳಗೆ ಕುಳಿತು ಚೂರು ಕಟ್ಟುತ್ತಿದ್ದಳು, ಹೊರಗೆ ಅವಳ ಮನೆಯೇ ಅವಳನ್ನು ಕಳ್ಳಿ ಎಂದು ಸಾರುತ್ತಿತ್ತು.

ನನಗೆ ಗೊತ್ತಿದ್ದ ಒಂದೇ ವಿದ್ಯೆ ಮಾಡಿದೆ. ಪ್ಲಗ್ ಕಿತ್ತೆ. ದೀಪಗಳು ಆರಿದವು.

ಅಷ್ಟರಲ್ಲಿ ಶಕೀಲಕ್ಕ ಬಾಗಿಲಿಗೆ ಬಂದರು. ಅವರ ಮುಖ ನೋಡಿದ ಕೂಡಲೇ ಅಕ್ಕನಿಗೆ ಏನೋ ಹೊಳೆಯಿತು. “ನಿಂಗೆ ಮೊದ್ಲೇ ಗೊತ್ತಿತ್ತಾ?” ಎಂದಳು.

“ಗೊತ್ತಿತ್ತು ಗಿರಿಜಾ. ನೀನು ನೊಂದ್ಕೋತೀಯ ಅಂತ…”

“ನಮ್ ಲೋಕಿ ಬೀಗ ಹಾಕವ್ನೆ. ಪಾಸ್‌ವರ್ಡ್ ನಾನ್ ಬಾಯ್ಬಿಟ್ ಹೇಳಿರೋದು ನಿನಗೊಬ್ಳಿಗೆ. ಮೂರ್ ತಿಂಗ್ಳಿಂದ ನೋಡ್ಕೊಂಡು ಸುಮ್ನಿದೀಯ. ಇನ್ಯಾರೇ ಮಾಡ್ತಾರೆ ಇದ್ನ?”

ಶಕೀಲಕ್ಕ ನನ್ನ ಕಡೆ ತಿರುಗಿದರು. ‘ಎರಡು ಸಲ ಫೋನು ಮಾಡಿದ್ದೆನಲ್ಲ, ಹೇಳಪ್ಪ’ ಎಂದು ಆ ಕಣ್ಣು ಕೇಳುತ್ತಿತ್ತು. ಒಂದು ಮಾತು ಸಾಕಿತ್ತು. ನಾನು ಬಗ್ಗಿ, ಕಿತ್ತ ಪ್ಲಗ್ಗಿನ ತಂತಿಯನ್ನು ಏನೋ ಪರೀಕ್ಷಿಸುವವನಂತೆ ತಿರುವತೊಡಗಿದೆ. ಸತ್ತ ತಂತಿಯನ್ನು ಅಷ್ಟು ಶ್ರದ್ಧೆಯಿಂದ ನಾನು ಯಾವತ್ತೂ ನೋಡಿದವನಲ್ಲ. ತಲೆಯೆತ್ತಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. “ಅವ್ಳೇ ಅಲ್ವೇನೋ?” ಎಂದು ಅಕ್ಕ ಕೇಳಿದಳು. ದೇವರಾಣೆಗೂ ಹೂಂ ಎನ್ನಬೇಕೆಂದುಕೊಂಡಿರಲಿಲ್ಲ. ಆದರೆ ಇಲ್ಲ ಎನ್ನಲಿಲ್ಲ. ಅದೂ ಒಂದು ಹೂಂ ತಾನೇ.

ಮೋಟು ಗೋಡೆಯ ಮೇಲಿನ ಕೂಗು ನಿಂತಿತು. ಅಕ್ಕ ಸೀರೆಗಳನ್ನು ಕುಚ್ಚಿಗೆ ತುಮಕೂರಿಗೆ ಕಳಿಸತೊಡಗಿದಳು. ಆ ಕುಚ್ಚು ಅವಳಿಗೇ ಹಿಡಿಸುತ್ತಿರಲಿಲ್ಲ. ಮಿಷಿನ್ ಸದ್ದು ನಿಂತರೂ ಬದುಕಿದ್ದೀಯಾ ಎಂದು ಕೇಳುವವರಿಲ್ಲ. ಫೋನಿನಲ್ಲಿ ಒಮ್ಮೆ, “ಹದ್ನೈದು ವರ್ಷ ಕಣೋ ಲೋಕಿ” ಎಂದು ಅಷ್ಟಕ್ಕೇ ನಿಲ್ಲಿಸಿದಳು. ಅಂದು ನಾನು ಮೋಟರಿಗೆ ಸುತ್ತುತ್ತಿದ್ದ ತಂತಿಯ ಲೆಕ್ಕ ತಪ್ಪಿ, ಸುತ್ತಿದ್ದನ್ನೆಲ್ಲ ಬಿಚ್ಚಬೇಕಾಯಿತು.

ಇಪ್ಪತ್ತು ದಿನ ಹೀಗೆ ಕಳೆಯಿತು. ಒಂದು ಮಧ್ಯಾಹ್ನ ತುಮಕೂರಿನ ಶಿರಾ ಗೇಟಿನಲ್ಲಿ ಏಣಿಯ ಮೇಲೆ ಅದೇ ನರೆತ ಮೀಸೆ ಕಂಡಿತು. ಇಳಿಯುವವರೆಗೂ ಕಾದು ನಿಂತೆ. “ಏನ್ ಸಾರ್?” ಎಂದ. “ಮೊದ್ಲು ಸಾರ್ ಅನ್ನೋದ್ ಬಿಡಿ. ನಂದು ಏಳನೇ ಕ್ಲಾಸು. ಅವತ್ತು ನೀವ್ ಹೇಳಿದ್ದು ಒಂದೂ ಅರ್ಥ ಆಗ್ಲಿಲ್ಲ” ಎಂದೆ. ಬೀದಿಯ ಮಧ್ಯೆ ಅಂಗಿ ಬಿಚ್ಚಿ ನಿಂತಂತಾಯಿತು. ಅವನು ನಗಲಿಲ್ಲ. ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತು, “ನಂದು ಎಸ್ಸೆಸ್ಸೆಲ್ಸಿ ಫೇಲು. ಬನ್ನಿ” ಎಂದ. ಡಬ್ಬಿಯ ತಳದ ಸ್ಟಿಕ್ಕರಿನಲ್ಲಿ ಏನಿತ್ತು ನೆನಪಿದೆಯೇ ಎಂದು ಕೇಳಿದ. ನೆನಪೇಕೆ, ಫೋಟೋವೇ ಇದೆ ಎಂದು ಆಯುಧಪೂಜೆಯ ಚಿತ್ರ ತೋರಿಸಿದೆ.

ಅವನು ಚಿತ್ರವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿದ. ವಿಭೂತಿ ಸರಿಯಿತು, ಚೆಂಡುಹೂವು ಸರಿಯಿತು. ಕುಂಕುಮದ ಕೆಳಗೆ, ಮುತ್ತಿನಂಥ ಅಕ್ಷರದಲ್ಲಿ, ವೈಫೈ ಹೆಸರು, ಅದರ ಪಾಸ್‌ವರ್ಡು, ಡಬ್ಬಿಯೊಳಗೆ ಹೋಗುವ ಹೆಸರು, ಅದರ ಪಾಸ್‌ವರ್ಡು. ಎಲ್ಲವೂ.

“ಇದನ್ನ ಎಷ್ಟು ಜನಕ್ಕೆ ಕಳಿಸಿದ್ರಿ?” ಎಂದ.

ಬೀಗ ಹಾಕದೆ ಬಿಟ್ಟೆ ಎಂದಷ್ಟೇ ತಿಳಿದಿದ್ದೆ. ನಾನು ಕೀಲಿಕೈಗೆ ಹೂವು ಮುಡಿಸಿ ಊರೆಲ್ಲ ಮೆರವಣಿಗೆ ಮಾಡಿಸಿದ್ದೆ. ಕೈಮುಗಿದವರಲ್ಲಿ ಯಾರೋ ಒಬ್ಬರು ಕೈ ಬಿಚ್ಚಿ ಈ ಕೆಲಸ ಮಾಡಿದ್ದಾರೆ. ಯಾರೆಂದು ಇಂದಿಗೂ ಗೊತ್ತಿಲ್ಲ. ಬೀದಿಯಲ್ಲಿ ಯಾರನ್ನು ನೋಡಿದರೂ ಇವರೇ ಇರಬಹುದೇ ಎನ್ನಿಸುತ್ತದೆ. ಆಮೇಲೆ, ಇವರಿಗೆಲ್ಲ ಕೀಲಿ ಹಂಚಿದವನು ನಾನಲ್ಲವೇ ಎನ್ನಿಸಿ ಸುಮ್ಮನಾಗುತ್ತೇನೆ.

ಅವನು ಹೇಳಿದ್ದನ್ನೆಲ್ಲ ಬೀಡಿಕಟ್ಟಿನ ಕಾಗದದ ಹಿಂದೆ ಕನ್ನಡದಲ್ಲಿ ಬರೆದುಕೊಂಡೆ. ಮೊದಲು ಆ ಕೆಟ್ಟ ಹೆಸರು ಅಳಿಸಿ, ಒಳಗಿನ ಪಾಸ್‌ವರ್ಡು ಬದಲಿಸು. ಆಮೇಲೆ ವೈಫೈದು, ಉದ್ದವಾಗಿರಲಿ, ಮನೆಯವರ ಹೆಸರು ಬೇಡ. ಡಬ್ಬಿಯ ಗುಂಡಿ ಒತ್ತಿದರೆ ಪಾಸ್‌ವರ್ಡಿಲ್ಲದೆ ಸೇರಿಕೊಳ್ಳುವ ಸೌಕರ್ಯ ನಿಲ್ಲಿಸು. ಬಂದುಹೋಗುವವರಿಗೆ ಬೇರೆಯೇ ವೈಫೈ ಹೆಸರು ಮಾಡು. ಡಬ್ಬಿಯನ್ನು ಕಿಟಕಿಯಿಂದ ತೆಗೆದು ಮನೆಯ ನಡುವೆ ಇಡು. ಸೊಸೆ ತರುವಾಗಲೂ ಜನ ಇಷ್ಟು ವಿಚಾರಿಸುವುದಿಲ್ಲ. ಆದರೂ ಎಲ್ಲ ಕೇಳಿದ ಮೇಲೆ ತಿಳಿದದ್ದು, ಇದರಲ್ಲಿ ಒಂದೂ ಮೋಟರ್ ಸುತ್ತುವುದಕ್ಕಿಂತ ಕಷ್ಟದ್ದಲ್ಲ.

ಮಾರನೆಯ ಬೆಳಿಗ್ಗೆಯೇ ಗುಬ್ಬಿಗೆ ಹೋಗಿ ಪ್ಲಗ್ ಹಾಕಿದೆ. ಸ್ಟಿಕ್ಕರಿನ ಪಾಸ್‌ವರ್ಡು ಹೊಡೆದೆ. ಹೆಸರು ಕೆಡಿಸಿಹೋದ ಪುಣ್ಯಾತ್ಮರು ಅದನ್ನು ಬದಲಿಸಿರಲಿಲ್ಲ. ಒಳಗೆ, ಈ ಡಬ್ಬಿಗೆ ಸೇರಿದವರ ಪಟ್ಟಿ ಇತ್ತು. ಎಣಿಸಿದರೆ ಹತ್ತೊಂಬತ್ತು. ಅದರಲ್ಲೊಂದು ಟೀವಿ. ಅಕ್ಕನ ಮನೆಯಲ್ಲಿ ಟೀವಿಯೇ ಇಲ್ಲ. ಯಾರೋ ಕಾಣದವರು ಮೂರು ತಿಂಗಳು ನಮ್ಮಕ್ಕನ ವೈಫೈಯಲ್ಲಿ ಕುಳಿತು ಧಾರಾವಾಹಿ ನೋಡಿದ್ದರು. ಬರೆದುಕೊಂಡದ್ದನ್ನು ನೋಡುತ್ತ ಆ ಕೆಟ್ಟ ಹೆಸರನ್ನು ಅಳಿಸಿ, ಸ್ಟಿಕ್ಕರಿನ ಹೆಸರನ್ನೇ ಮತ್ತೆ ಹಾಕಿದೆ.

ಮುಂದಿನ ಪುಟ ತೆರೆದಾಗ ಮೊದಲ ಸಲ ಕರೆದೆ. “ಅಕ್ಕ, ಇದೊಂಚೂರು ಓದ್ಕೊಡ್ತೀಯಾ? ನಂಗ್ ಬರಲ್ಲ.” ಅಕ್ಕ ಅಚ್ಚರಿಯಿಂದ ನೋಡಿ, ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕುಳಿತಳು. ಹೊಸ ಪಾಸ್‌ವರ್ಡು ಬರೆಯುವ ಜಾಗಕ್ಕೆ ಬೆರಳಿಟ್ಟೆ. ಅಕ್ಕ ಬೆರಳು ಸರಿಸಿದಳು.

“ತಾಳೋ, ಅದ್ಕಿಂತ ಮೇಲೊಂದೈತೆ. ಹಳೇದು ಕೇಳ್ತೈತೆ. ಹಳೇದ್ ಹೇಳದೆ ಹೊಸದು ತಗಳಲ್ವಂತೆ. ಅವತ್ ನೀನು ಏನ್ ಹಾಕಿದ್ದೆ?”

ಮನುಷ್ಯರು ಕೇಳದೆ ಬಿಟ್ಟದ್ದನ್ನು ಡಬ್ಬಿ ಕೇಳಿತು. ಅದಕ್ಕೆ ಹೂಂ ಎಂದರೆ ನಡೆಯುವುದಿಲ್ಲ. ನಾನು ಸ್ಟಿಕ್ಕರ್ ನೋಡಿಕೊಂಡು, ಅದರಲ್ಲಿದ್ದುದನ್ನೇ ಒಂದೊಂದಾಗಿ ಹೊಡೆದೆ. ಡಬ್ಬಿ ಒಪ್ಪಿಕೊಂಡಿತು. ಅಕ್ಕ ಸ್ಟಿಕ್ಕರ್ ನೋಡಿದಳು, ಫೋನು ನೋಡಿದಳು, ಕೊನೆಗೆ ನನ್ನ ಮುಖ ನೋಡಿದಳು. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು.

ನಾನು ಎದ್ದು ಹಿತ್ತಲಿಗೆ ಹೋದೆ. ಮೋಟು ಗೋಡೆಯ ಆಚೆ ಶಕೀಲಕ್ಕ ನೀಲಿ ಸೀರೆಯ ಸೆರಗು ಮಡಿಲಲ್ಲಿ ಹರಡಿಕೊಂಡು ಕುಚ್ಚು ಕಟ್ಟುತ್ತಿದ್ದರು. ನನ್ನನ್ನು ಕಂಡರೂ ಕೈ ನಿಲ್ಲಿಸಲಿಲ್ಲ. ಅಕ್ಕ ನನ್ನ ಹಿಂದೆ ಬಾಗಿಲಿಗೆ ಬಂದು ನಿಂತದ್ದು ಬಳೆಯ ಸದ್ದಿನಿಂದ ತಿಳಿಯಿತು. ಬಗ್ಗಿ ತಿರುವಲು ಅಲ್ಲಿ ಯಾವ ತಂತಿಯೂ ಇರಲಿಲ್ಲ.

“ಶಕೀಲಕ್ಕ, ಬೀಗ ನಾನ್ ಹಾಕೇ ಇರ್ಲಿಲ್ಲ. ಓದಕ್ ಬರಲ್ಲ ಅನ್ನಕ್ಕೆ ನಾಚ್ಕೆಯಾಗಿ ಹಾಕಿದೀನಿ ಅಂದ್ಬುಟ್ಟೆ. ಪಾಸ್‌ವರ್ಡ್ ಬೀದಿಗೆಲ್ಲ ತೋರ್ಸಿದ್ದೂ ನಾನೇ, ಪೂಜೆ ಫೋಟೋದಲ್ಲಿ. ನೀವ್ ಎರಡ್ ಸಲ ಫೋನ್ ಮಾಡಿ ಕರುದ್ರಿ, ನಾನ್ ಬರ್ಲಿಲ್ಲ. ಅವತ್ತು ನೀವ್ ನನ್ ಮುಖ ನೋಡುದ್ರಿ, ನಾನ್ ವೈರ್ ನೋಡ್ಕೊಂಡ್ ಕೂತೆ. ಅಕ್ಕ, ನೀನೂ ಕೇಳ್ಕೊ, ಇವ್ರದೇನೂ ಇಲ್ಲ ಇದ್ರಲ್ಲಿ. ತಪ್ಪಾಯ್ತು ಶಕೀಲಕ್ಕ. ತಪ್ಪಾಯ್ತಕ್ಕ.”